ಬೋನು ಹೊತ್ತ ಲಾರಿ ಎಲ್ಲಿಗೆ ಹೋಗುತ್ತದೆ?

ಚಿರತೆಯ ಸುದ್ದಿಗೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಒಂದು ಸಿದ್ಧ ವ್ಯಾಕರಣವಿದೆ. "ನಾಡಿಗೆ ಬಂದ ಚಿರತೆ" ಎಂದು ಶುರುವಾಗುತ್ತದೆ, "ಆತಂಕದಲ್ಲಿ ಗ್ರಾಮಸ್ಥರು" ಎಂದು ಮುಂದುವರಿಯುತ್ತದೆ, "ಕೊನೆಗೂ ಬೋನಿಗೆ ಬಿದ್ದ ಚಿರತೆ, ನಿಟ್ಟುಸಿರು ಬಿಟ್ಟ ಜನ" ಎಂದು ಮುಗಿಯುತ್ತದೆ. ಸುದ್ದಿಯ ಕಟ್ಟಕಡೆಯ ಸಾಲು ಮಾತ್ರ ಯಾವಾಗಲೂ ಕರ್ಮಣಿ ಪ್ರಯೋಗದಲ್ಲಿರುತ್ತದೆ: "ಸೆರೆಸಿಕ್ಕ ಚಿರತೆಯನ್ನು ಅರಣ್ಯಕ್ಕೆ ಬಿಡಲಾಯಿತು." ಯಾರು ಬಿಟ್ಟರು, ಯಾವ ಅರಣ್ಯಕ್ಕೆ ಬಿಟ್ಟರು, ಆ ಅರಣ್ಯದ ಅಂಚಿನಲ್ಲಿ ಯಾರ ಮನೆಗಳಿದ್ದವು ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಕರ್ಮಣಿ ಪ್ರಯೋಗದ ಅನುಕೂಲವೇ ಅದು.

ಈ ಕೊನೆಯ ಸಾಲಿನ ಮುಂದೆ ಏನಾಗುತ್ತದೆ ಎಂಬ ಚರಿತ್ರೆ ನಾನಿರುವ ಬೊರಿವಲಿಯಲ್ಲಿ ಸಿಗುತ್ತದೆ. ಅದು ಬೇಟೆಗಾರರ ಚರಿತ್ರೆಯಲ್ಲ. ಚಿರತೆಯನ್ನು ಕೊಲ್ಲಬಾರದು, ಆದರೆ ಮನೆಯ ಹತ್ತಿರ ಇರಲೂಬಾರದು, ನೋವಾಗದಂತೆ ಹಿಡಿದು ಅದರ ಜಾಗಕ್ಕೆ ಬಿಟ್ಟುಬಿಡೋಣ ಎಂದುಕೊಂಡ ಒಳ್ಳೆಯ ಮನಸ್ಸಿನವರ ಚರಿತ್ರೆ. ಬೊರಿವಲಿ ಪೂರ್ವದಲ್ಲಿ ಬಾಲ್ಕನಿ ಇರುವ ಯಾರನ್ನು ಕೇಳಿದರೂ ಇಂದಿಗೂ ಇದೇ ಉತ್ತರ ಬರುತ್ತದೆ.

ಮೊದಲು ಜಾಗದ ಬಗ್ಗೆ ಸ್ವಲ್ಪ. ಬೊರಿವಲಿ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು ಹೆದ್ದಾರಿ ದಾಟಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ದೊಡ್ಡ ಗೇಟು. ಸುಮಾರು 104 ಚದರ ಕಿಲೋಮೀಟರ್ ಕಾಡು. ಒಳಗೆ ಕಾನ್ಹೇರಿಯ ಬೌದ್ಧ ಗುಹೆಗಳಿವೆ. ಕಾನ್ಹೇರಿ ಎಂಬ ಹೆಸರು ಕೃಷ್ಣಗಿರಿಯ ಪ್ರಾಕೃತ ರೂಪದಿಂದ ಸವೆದು ಬಂದದ್ದು, ಉದ್ಯಾನಕ್ಕೂ ಮೊದಲು ಕೃಷ್ಣಗಿರಿ ಎಂದೇ ಹೆಸರಿತ್ತು. ಕಾಡು ಉಳಿದದ್ದಕ್ಕೆ ಗುಹೆಗಳಿಗಿಂತ ನೀರು ಮುಖ್ಯ ಕಾರಣ. ವಿಹಾರ್ ಕೆರೆಯನ್ನು 1860ರಲ್ಲಿ, ತುಳಸಿ ಕೆರೆಯನ್ನು 1879ರಲ್ಲಿ ಮುಂಬಯಿಯ ಕುಡಿಯುವ ನೀರಿಗಾಗಿ ಕಟ್ಟಿದರು. ಕೆರೆಗೆ ನೀರು ಹರಿದು ಬರಬೇಕಾದರೆ ಸುತ್ತಲಿನ ಗುಡ್ಡ ಹಾಗೇ ಇರಬೇಕು. ಹೀಗೆ ನಗರದ ದಾಹ ಕಾಡನ್ನು ಉಳಿಸಿತು, ಕಾಡು ಚಿರತೆಯನ್ನು ಉಳಿಸಿತು. ಆಮೇಲೆ ನಗರ ಮೂರು ದಿಕ್ಕಿನಿಂದ ಬಂದು ಬೇಲಿಗೆ ಒರಗಿ ನಿಂತಿತು. ಪಶ್ಚಿಮಕ್ಕೆ ಬೊರಿವಲಿ, ಕಾಂದಿವಲಿ. ಪೂರ್ವಕ್ಕೆ ಮುಲುಂಡ್, ಠಾಣೆ. ದಕ್ಷಿಣಕ್ಕೆ ಆರೇ ಕಾಲೊನಿ. ಉತ್ತರಕ್ಕೆ ವಸಯಿ ಖಾರಿ, ಅದರಾಚೆ ಮತ್ತೆ ಕಾಡು.

ಬ್ರಿಟಿಷರ ಕಾಲದಲ್ಲಿ ಬೇಡವಾದ ಪ್ರಾಣಿಯ ಪ್ರಶ್ನೆಗೆ ಉತ್ತರ ಸರಳವಾಗಿತ್ತು. ತಲೆ ತಂದವನಿಗೆ ಇನಾಮು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕದಂತೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಹಿಂದೂಸ್ಥಾನದಲ್ಲಿ 80,000ಕ್ಕೂ ಹೆಚ್ಚು ಹುಲಿಗಳು, 1,50,000ಕ್ಕೂ ಹೆಚ್ಚು ಚಿರತೆಗಳು ಸತ್ತವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಬಾಗಿಲನ್ನು ಮುಚ್ಚಿತು. ಅದರ ಎರಡನೇ ಸೆಕ್ಷನ್ನಿನಲ್ಲಿರುವ 'ಬೇಟೆ'ಯ ವ್ಯಾಖ್ಯೆ ನನ್ನಂಥ ಅನುವಾದಕರಿಗೆ ಬಹಳ ಹಿಡಿಸುವಂಥದ್ದು. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಲು ಹಾಕುವುದು, ಬೋನಿಗೆ ಬೀಳಿಸುವುದು, ಅಟ್ಟುವುದು ಎಲ್ಲವೂ ಕಾನೂನಿನ ಕಣ್ಣಿನಲ್ಲಿ ಬೇಟೆಯೇ. ಹಾಗಾಗಿ ಅಪ್ಪಣೆ ಬೇಕು. ಆದರೆ 2002ರ ತಿದ್ದುಪಡಿ ಇದೇ ಕಾಯ್ದೆಗೆ ಇನ್ನೊಂದು ಮಾತು ಸೇರಿಸಿತು: ಹಿಡಿಯಲು, ಅರಿವಳಿಕೆ ಕೊಡಲು, ಸ್ಥಳಾಂತರಿಸಲು ಸಾಧ್ಯವಿಲ್ಲ ಎಂದು ಖಚಿತವಾಗುವವರೆಗೆ ಕೊಲ್ಲುವಂತಿಲ್ಲ. ಹಿಡಿದದ್ದನ್ನು ಕಾಡಿಗೆ ಮರಳಿಸಲು ಆಗದಿದ್ದರೆ ಮಾತ್ರ ಪಂಜರದಲ್ಲಿ ಇಡಬಹುದು. ಓದಲು ಕರುಣೆಯ ಮಾತು. ಆದರೆ ಅಧಿಕಾರಿಯೊಬ್ಬನ ಮೇಜಿನ ಮೇಲೆ ಅದು ಒಂದು ಆದೇಶದಂತೆ ಕೆಲಸ ಮಾಡುತ್ತದೆ: ಊರವರು ಗಲಾಟೆ ಮಾಡಿದರೆ ಹಿಡಿ, ಹಿಡಿದ ಮೇಲೆ ಎಲ್ಲಾದರೂ ಬಿಡು.

ಎಲ್ಲಾದರೂ ಎಂದರೆ ಎಲ್ಲಿ? ಪುಣೆ ಜಿಲ್ಲೆಯ ಜುನ್ನರದಲ್ಲಿ ಈ ಪ್ರಶ್ನೆಯನ್ನು ಮೊದಲು ಕೇಳಬೇಕಾಯಿತು. ಕುಕಡಿ ನೀರಾವರಿ ಯೋಜನೆಯ ಕಾಲುವೆಗಳು ಬಂದ ಮೇಲೆ ಅಲ್ಲಿನ ಒಣಭೂಮಿ ಕಬ್ಬಿನ ಗದ್ದೆಯಾಯಿತು. ಕಬ್ಬೆಂದರೆ ಚಿರತೆಗೆ ವರ್ಷದ ಬಹುಪಾಲು ಕದಲದೆ ನಿಲ್ಲುವ ಪೊದೆ. ನೀರಿದೆ, ನೆರಳಿದೆ, ಪಕ್ಕದ ವಸತಿಯಲ್ಲಿ ನಾಯಿ, ಆಡು, ಹಂದಿ ಇವೆ. ಚಿರತೆಗಳು ಅಲ್ಲೇ ಮರಿ ಹಾಕಿದವು. 2001ರ ಹೊತ್ತಿಗೆ ಅರಣ್ಯ ಇಲಾಖೆ ದೊಡ್ಡ ಪ್ರಮಾಣದಲ್ಲಿ ಬೋನು ಇಟ್ಟಿತು. ಹಿಡಿದ 29 ಚಿರತೆಗಳನ್ನು ಸರಾಸರಿ 39 ಕಿಲೋಮೀಟರ್ ದೂರದ ಕಾಡುಗಳಿಗೆ ಬಿಟ್ಟಿತು. ಬೇರೆ ಜಿಲ್ಲೆಗಳಲ್ಲಿ ಹಿಡಿದ ಕೆಲವನ್ನು ಜುನ್ನರದ ಕಾಡಿಗೂ ತಂದು ಬಿಟ್ಟರು. ಒಂದು ಊರಿನ ಆತಂಕ ಇನ್ನೊಂದು ಊರಿನ ಕಾಡಿಗೆ, ಆ ಊರಿನದು ಈ ಊರಿಗೆ.

ಜೀವಶಾಸ್ತ್ರಜ್ಞೆ ವಿದ್ಯಾ ಆತ್ರೇಯ ಮತ್ತು ಅವರ ಸಂಗಡಿಗರು ಈ ಕಾಗದಪತ್ರಗಳನ್ನೆಲ್ಲ ಕೂಡಿಹಾಕಿ 2011ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. 1993ರಿಂದ 2001ರವರೆಗೆ ಜುನ್ನರ ವಿಭಾಗದಲ್ಲಿ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ ನಾಲ್ಕು ದಾಳಿ. ಸ್ಥಳಾಂತರ ಶುರುವಾದ ಮೇಲೆ, 2001ರಿಂದ 2003ರವರೆಗೆ, ವರ್ಷಕ್ಕೆ ಸರಾಸರಿ ಹದಿನೇಳು. ಸಾವಿನಲ್ಲಿ ಮುಗಿದ ದಾಳಿಗಳ ಪಾಲು ಕೂಡ ದುಪ್ಪಟ್ಟಾಯಿತು. ದಾಳಿಗಳು ಹೆಚ್ಚಾಗಿ ನಡೆದದ್ದು ಚಿರತೆಗಳನ್ನು ಬಿಟ್ಟ ಜಾಗಗಳ ಹತ್ತಿರ.

ಯಾಕೆ ಹೀಗಾಗುತ್ತದೆ? ಊಹೆಗೆ ನಿಲುಕದ್ದೇನಲ್ಲ. ಚಿರತೆ ಒಂಟಿ ಬಾಳಿನ ಪ್ರಾಣಿ, ತನ್ನ ಸರಹದ್ದಿನ ಮೂಲೆ ಮೂಲೆ ಬಲ್ಲದ್ದು. ಯಾವ ಮನೆಯ ದೀಪ ಎಷ್ಟು ಹೊತ್ತಿಗೆ ಆರುತ್ತದೆ, ಯಾವ ದಾರಿಯಲ್ಲಿ ಜನ ಓಡಾಡುತ್ತಾರೆ ಎಂದು ತಿಳಿದಿರುವುದರಿಂದಲೇ ಅದು ಕಾಣಿಸಿಕೊಳ್ಳದೆ ಬದುಕುತ್ತದೆ. ಬೋನಿನಲ್ಲಿ ಅದು ಸರಳಿಗೆ ತಲೆ ಬಡಿದುಕೊಳ್ಳುತ್ತದೆ, ಹಲ್ಲು ಮುರಿದುಕೊಳ್ಳುತ್ತದೆ, ಸುತ್ತ ಜನ ಕೂಗುತ್ತಿರುತ್ತಾರೆ. ನಂತರ ಗುರುತು ಪರಿಚಯವಿಲ್ಲದ ಕಾಡಿನಲ್ಲಿ ಇಳಿಸಿದರೆ ಅಲ್ಲಿ ಆಗಲೇ ಬೇರೆ ಚಿರತೆಗಳಿವೆ, ಅವು ಅಟ್ಟುತ್ತವೆ. ಬಂದದ್ದು ತನ್ನ ಊರಿನ ದಿಕ್ಕು ಹಿಡಿಯುತ್ತದೆ, ದಾರಿಯುದ್ದಕ್ಕೂ ಅಪರಿಚಿತ ಹಳ್ಳಿಗಳು. ಇತ್ತ ಅದನ್ನು ಹಿಡಿದ ಗದ್ದೆಯೇನೂ ಖಾಲಿ ಉಳಿಯುವುದಿಲ್ಲ. ಇನ್ನೊಂದು ಎಳೆ ಚಿರತೆ ಬಂದು ಸೇರಿಕೊಳ್ಳುತ್ತದೆ. ಊರಿನ ಪಾಲಿಗೆ ಲೆಕ್ಕ ಅಷ್ಟೇ: ಜನರನ್ನು ಬಲ್ಲ ಒಂದು ಚಿರತೆಯನ್ನು ಕೊಟ್ಟು, ಜನರನ್ನು ಬಲ್ಲದ ಒಂದನ್ನು ಪಡೆದದ್ದು.

ಬೊರಿವಲಿಗೆ ಮರಳೋಣ. ಇಲ್ಲಿ ಚಿರತೆಗಳಿಗಿಂತ ಮೊದಲು ಸ್ಥಳಾಂತರವಾದವರು ಮನುಷ್ಯರು. ಉದ್ಯಾನದ ಒಳಗೆ ಎದ್ದಿದ್ದ ಗುಡಿಸಲುಗಳ ವಿರುದ್ಧ ಬಾಂಬೆ ಎನ್‌ವಿರಾನ್ಮೆಂಟಲ್ ಆ್ಯಕ್ಷನ್ ಗ್ರೂಪ್ 1995ರಲ್ಲಿ ಹೈಕೋರ್ಟಿಗೆ ಹೋಯಿತು. 1997ರ ಮೇ ತಿಂಗಳಲ್ಲಿ ಕೋರ್ಟು ತೆರವಿಗೆ ಆದೇಶಿಸಿತು. ಮುಂದಿನ ಕೆಲವು ವರ್ಷ ಬುಲ್ಡೋಜರುಗಳು ಓಡಾಡಿದವು. ಅರ್ಹರು ಎನಿಸಿಕೊಂಡವರಿಗೆ ಚಾಂದಿವಲಿಯಲ್ಲಿ ಮನೆ ಎಂದಾಯಿತು, ಅದಕ್ಕೂ ಹಣ ಕಟ್ಟಬೇಕಿತ್ತು. ಉಳಿದವರು ಹೇಳಹೆಸರಿಲ್ಲದೆ ಚದುರಿದರು. ಮರಾಠಿಯಲ್ಲೂ ಕನ್ನಡದಲ್ಲೂ ಪದ ಒಂದೇ: ಸ್ಥಳಾಂತರ. ಸರ್ಕಾರಿ ಕಾಗದದಲ್ಲಿ ಅದು ಜನಕ್ಕೂ ಚಿರತೆಗೂ ಸಮನಾಗಿ ಅನ್ವಯವಾಗುತ್ತದೆ. ಜನರನ್ನು ಎಬ್ಬಿಸಿದ ಅದೇ ವರ್ಷಗಳಲ್ಲಿ ಬೇಲಿಗೆ ತಾಗಿಕೊಂಡು ಮಹಡಿ ಕಟ್ಟಡಗಳು ಏಳುತ್ತಲೇ ಇದ್ದವು, 'ಕಾಡಿನ ನೋಟ' ಎಂಬ ಜಾಹೀರಾತಿನೊಂದಿಗೆ. ಅವುಗಳನ್ನು ಯಾರೂ ಅತಿಕ್ರಮಣ ಎನ್ನಲಿಲ್ಲ.

ಆ ಕಟ್ಟಡಗಳ ಹಿಂದೆ ಕಸ ಬಿತ್ತು, ಕಸಕ್ಕೆ ನಾಯಿ ಬಂತು, ನಾಯಿಗೆ ಚಿರತೆ. ಇದು ಹೊಸ ಸಂಗತಿಯಲ್ಲ. ತೊಂಬತ್ತರ ದಶಕದಲ್ಲೇ ಅದ್ವೈತ ಎಡಗಾಂವ್ಕರ್ ಮತ್ತು ರವಿ ಚೆಲ್ಲಂ ಇಲ್ಲಿನ ಚಿರತೆಯ ಹಿಕ್ಕೆಯನ್ನು ಜಾಲಿಸಿ ನೋಡಿದಾಗ, ನಾಯಿ ಅದರ ಮುಖ್ಯ ಆಹಾರಗಳಲ್ಲಿ ಒಂದು ಎಂದು ಕಂಡಿತ್ತು. ಚಿರತೆ ಕಂಡಿತೆಂದು ಫೋನು ಬಂದಾಗಲೆಲ್ಲ ಇಲಾಖೆಯವರು ಬೋನು ಇಟ್ಟರು. ಬಿದ್ದದ್ದನ್ನು ಉದ್ಯಾನದೊಳಗೆ ಬಿಟ್ಟರು. ಬೇರೆಡೆ ಹಿಡಿದವನ್ನೂ ಇಲ್ಲಿಗೆ ತಂದು ಬಿಟ್ಟದ್ದುಂಟು. ಕಾಡು ಎಂಬ ಬೋರ್ಡು ಇರುವ ಜಾಗ ಇದೇ ಅಲ್ಲವೇ?

2002ರಿಂದ 2004ರವರೆಗಿನ ಕಾಲವನ್ನು ಇಲ್ಲಿನ ಹಳಬರು ಇನ್ನೂ ಮರೆತಿಲ್ಲ. 2004ರ ಜೂನ್ ಎಲ್ಲಕ್ಕಿಂತ ಕೆಟ್ಟ ತಿಂಗಳು, ಒಂದರ ಹಿಂದೆ ಒಂದು ಸಾವು. ಸತ್ತವರಲ್ಲಿ ಮಕ್ಕಳೇ ಹೆಚ್ಚು, ಮತ್ತು ಬಹುತೇಕರು ಮಹಡಿ ಮನೆಯವರಲ್ಲ. ಮನೆಯಲ್ಲಿ ಶೌಚಾಲಯವಿಲ್ಲದೆ ಕತ್ತಲೆಯಲ್ಲಿ ಪೊದೆಯ ಕಡೆಗೆ ಹೋಗಬೇಕಾದವರು. ಕುಳಿತ ಮನುಷ್ಯ, ಚಿಕ್ಕ ಮಗು ಚಿರತೆಯ ಕಣ್ಣಿಗೆ ನಾಯಿಯ ಎತ್ತರದ್ದೇ ಆಕಾರ. ಚರ್ಚೆಯೆಲ್ಲ ಬೋನು, ಬಂದೂಕು, ಬೇಲಿಗಳ ಸುತ್ತ ನಡೆಯಿತು. ಕಾಡಿನಲ್ಲಿ ಹಂದಿ, ಮೊಲ ಬಿಟ್ಟು ಚಿರತೆಗಳ ಹೊಟ್ಟೆ ತುಂಬಿಸುವ ಉಪಾಯವನ್ನೂ ಮಾಡಿದರು. ಶೌಚಾಲಯದ ಮಾತು ಬಹಳ ತಡವಾಗಿ ಬಂತು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ನಾಚಿಕೆಗೇಡಿನ ಭಾಗ ಇದು. ಕಿಟಕಿಯಿಂದ ಚಿರತೆ ಕಂಡವರ ಫೋನಿಗೆ ಬೋನು ಬರುತ್ತಿತ್ತು, ಆ ಬೋನಿನ ಬೆಲೆ ತೆತ್ತವರು ಬೇಲಿಯ ಪಕ್ಕದ ಗುಡಿಸಲಿನವರು.

ಹಿಡಿದ ಚಿರತೆಗಳಲ್ಲಿ ಹಲವು ಮತ್ತೆ ಕಾಡು ಕಾಣಲಿಲ್ಲ. ಉದ್ಯಾನದೊಳಗಿನ ರಕ್ಷಣಾ ಕೇಂದ್ರದಲ್ಲಿ ಪಂಜರ ಸೇರಿ ಅಲ್ಲೇ ಮುದಿಯಾದವು. ಜುನ್ನರದ ಮಾಣಿಕಡೋಹದಲ್ಲೂ ಇಂಥದೇ ಒಂದು ಕೇಂದ್ರವಿದೆ.

ಜನರ ಅಭಿಪ್ರಾಯ ಬದಲಾಗಲು ಲೆಕ್ಕಪತ್ರಗಳಿಗಿಂತ ಒಂದು ಗಂಡು ಚಿರತೆ ಹೆಚ್ಚು ಕೆಲಸ ಮಾಡಿತು. 2009ರಲ್ಲಿ ಅಹಮದನಗರ ಜಿಲ್ಲೆಯ ಟಾಕಳಿ ಢೋಕೇಶ್ವರದಲ್ಲಿ ಬಾವಿಗೆ ಬಿದ್ದಿದ್ದ ಅದನ್ನು ಮೇಲೆತ್ತಿ, ಕುತ್ತಿಗೆಗೆ ಜಿಪಿಎಸ್ ಪಟ್ಟಿ ಕಟ್ಟಿ, ಮಾಳಶೇಜ್ ಘಾಟಿನ ಕಾಡಿನಲ್ಲಿ ಬಿಟ್ಟರು. ವಯಸ್ಸಾದಂತೆ, ಸಮಾಧಾನಿಯಂತೆ ಕಂಡಿದ್ದಕ್ಕೆ ಆಜೋಬಾ, ಅಂದರೆ ಅಜ್ಜ, ಎಂದು ಹೆಸರು. ಬಿಟ್ಟ ಜಾಗದಲ್ಲಿ ಅಜ್ಜ ನಿಲ್ಲಲಿಲ್ಲ. ಸುಮಾರು ಒಂದು ತಿಂಗಳಲ್ಲಿ 120 ಕಿಲೋಮೀಟರಿನಷ್ಟು ನಡೆದು, ಹೆದ್ದಾರಿ ದಾಟಿ, ಕಸಾರಾ ರೈಲು ನಿಲ್ದಾಣದ ಪಕ್ಕ ಹಾದು, ವಸಯಿ ಖಾರಿಯ ನೀರು ಈಜಿ ಸಂಜಯ್ ಗಾಂಧಿ ಉದ್ಯಾನದ ಅಂಚಿಗೆ ಬಂತು. ದಾರಿಯಲ್ಲಿ ಯಾರನ್ನೂ ಮುಟ್ಟಲಿಲ್ಲ. ಅದು ಮೂಲತಃ ಇಲ್ಲಿನದೇ ಇರಬಹುದೇ ಎಂಬ ಅನುಮಾನ ಅವರಿಗೆ ಬಂದದ್ದು ಆಗಲೇ. 2011ರ ಡಿಸೆಂಬರಿನಲ್ಲಿ ಮುಂಬಯಿ–ಅಹಮದಾಬಾದ್ ಹೆದ್ದಾರಿಯಲ್ಲಿ ವಾಹನ ಬಡಿದು ಸತ್ತಿತು. 2014ರಲ್ಲಿ ಸುಜಯ್ ಡಹಾಕೆ ಇದೇ ಹೆಸರಿನ ಮರಾಠಿ ಸಿನಿಮಾ ಮಾಡಿದರು, ಊರ್ಮಿಳಾ ಮಾತೋಂಡ್ಕರ್ ವಿಜ್ಞಾನಿಯ ಪಾತ್ರದಲ್ಲಿ.

ನಮ್ಮ ಕಡೆಯದೊಂದು ಉದಾಹರಣೆ ಇಲ್ಲಿ ನೆನಪಾಗುತ್ತದೆ. ಮಲೆನಾಡಿನಲ್ಲಿ ಮನೆಯ ಹಿತ್ತಿಲಿಗೆ ಕಾಳಿಂಗ ಬಂದರೆ ಹಿಡಿಸಿ ದೂರದ ಕಾಡಿಗೆ ಬಿಡಿಸುವುದು ಪುಣ್ಯದ ಕೆಲಸ ಎಂದೇ ರೂಢಿ. ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರದವರು 2008ರಿಂದ ಕಾಳಿಂಗಗಳಿಗೆ ರೇಡಿಯೊ ಅಳವಡಿಸಿ ಹಿಂಬಾಲಿಸಿದಾಗ, ದೂರ ಒಯ್ದು ಬಿಟ್ಟ ಹಾವು ನೆಲೆ ಸಿಗದೆ ಅಲೆಯುವುದು ಕಂಡಿತು. ಈಗ ಅಲ್ಲಿ ತಿಳಿದವರು ಕಾಳಿಂಗವನ್ನು ಹಿಡಿಯಲೇಬೇಕಾದರೆ ಹತ್ತಿರದಲ್ಲೇ ಬಿಡುತ್ತಾರೆ. ಎಷ್ಟೋ ಸಲ ಹಿಡಿಯುವುದೇ ಇಲ್ಲ, ಮನೆಯವರ ಜೊತೆ ಕೂತು ಅದು ತಾನಾಗಿ ಹೋಗುವವರೆಗೆ ಕಾಯುತ್ತಾರೆ.

2011 ಈ ಕಥೆಯಲ್ಲಿ ತಿರುವಿನ ವರ್ಷ. ಏಪ್ರಿಲಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಮನುಷ್ಯ–ಚಿರತೆ ಸಂಘರ್ಷದ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಕಂಡ ಮಾತ್ರಕ್ಕೆ ಹಿಡಿಯಬೇಡಿ, ಹಿಡಿದು ದೂರ ಬಿಡುವುದು ಪರಿಹಾರವಲ್ಲ ಎಂದಿತು. ಅದೇ ವರ್ಷ ಉದ್ಯಾನದ ಅಧಿಕಾರಿ ಸುನಿಲ್ ಲಿಮಯೆ ಮತ್ತು ಆತ್ರೇಯ ಅವರಂಥ ಸಂಶೋಧಕರು, ಊರಿನ ಆಸಕ್ತರು ಸೇರಿ 'ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ' ಎಂಬ ಕೆಲಸ ಶುರು ಮಾಡಿದರು. ಮೊದಲು ಕ್ಯಾಮೆರಾ ಕಟ್ಟಿ ಎಣಿಸಿದರು. ಚಿರತೆಯ ಮೈಮೇಲಿನ ಚುಕ್ಕೆ ನಮ್ಮ ಬೆರಳಚ್ಚಿನಂತೆ, ಒಂದರದು ಇನ್ನೊಂದಕ್ಕಿಲ್ಲ. 21 ಸಿಕ್ಕವು. 2015ರಲ್ಲಿ ನಿಕಿತ್ ಸುರ್ವೆ ಆರೇ, ನಾಗಲಾ ಸೇರಿಸಿ ಎಣಿಸಿದಾಗ 35. ಪತ್ರಕರ್ತರಿಗೆ ಕಾರ್ಯಾಗಾರ ಮಾಡಿದರು, ಪೊಲೀಸರಿಗೆ ಜನರ ಗುಂಪು ಚದುರಿಸುವುದನ್ನು ಹೇಳಿಕೊಟ್ಟರು, ಪಾಡಾಗಳಿಗೆ ಹೋಗಿ ಕೇಳಿದರು.

ಪಾಡಾದವರಿಗೆ ಹೇಳಿಕೊಡುವುದಕ್ಕಿಂತ ಅವರಿಂದ ಕೇಳಿಸಿಕೊಳ್ಳುವುದೇ ಹೆಚ್ಚಿತ್ತು. ಆರೇ ಮತ್ತು ಉದ್ಯಾನದೊಳಗಿನ ವಾರ್ಲಿಗಳು ಚಿರತೆಯನ್ನೂ 'ವಾಘ್' ಎಂದೇ ಕರೆಯುತ್ತಾರೆ, ವಾಘೋಬಾ ಎಂದು ಪೂಜಿಸುತ್ತಾರೆ. ರಮ್ಯಾ ನಾಯರ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಮಹಾರಾಷ್ಟ್ರದಲ್ಲಿ ಇಂಥ 150 ವಾಘೋಬಾ ಗುಡಿಗಳನ್ನು ದಾಖಲಿಸಿದೆ. ಹುಲಿದೈವದ ಪಿಲಿಚಾಮುಂಡಿಯನ್ನು ನಂಬುವ ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೊರಿವಲಿಯಲ್ಲಿ ನಾಲ್ಕು ದಶಕ ಕಳೆದ ನಮ್ಮ ಕಟ್ಟಡದ ಅಜ್ಜಿಯೊಬ್ಬರು ವಾಘೋಬಾನ ಕಲ್ಲಿನ ಫೋಟೊ ನೋಡಿ, "ಇದು ನಮ್ಮೂರಿನದ್ದೇ ಅಲ್ಲವಾ ಮಗಾ?" ಎಂದಿದ್ದರು. ಇದನ್ನು ಹಳೆಯ ಕಾಲದ ಸೌಹಾರ್ದ ಎಂದು ವೈಭವೀಕರಿಸಲು ನನಗೆ ಮನಸ್ಸಿಲ್ಲ. ವಾಘೋಬಾನೊಡನೆ ಜನಕ್ಕಿರುವುದು ಒಪ್ಪಂದ, ಅದರಲ್ಲಿ ಭಯವೂ ಇದೆ, ಹರಕೆಯೂ ಇದೆ. ಆದರೆ ಆ ಭಾಷೆಯಲ್ಲಿ 'ನಾಡಿಗೆ ಬಂದ' ಎಂಬ ಮಾತಿಗೆ ಜಾಗವಿಲ್ಲ.

ಕನ್ನಡದಲ್ಲಿ ಕಾಡು–ನಾಡು ಎಂಬ ಜೋಡಿ ಎಷ್ಟು ಸೊಗಸಾಗಿ ಪ್ರಾಸ ಹೊಂದಿದೆಯೆಂದರೆ, ನಡುವೆ ಗೆರೆಯೊಂದು ನಿಜವಾಗಿಯೂ ಇದೆ ಎಂದು ನಾವು ನಂಬಿಬಿಟ್ಟಿದ್ದೇವೆ. ಅಹಮದನಗರದ ಅಕೋಲೆಯಲ್ಲಿ ಆತ್ರೇಯ ತಂಡ ಕ್ಯಾಮೆರಾ ಇಟ್ಟದ್ದು ಕಾಡಿನಲ್ಲಲ್ಲ, ಕಬ್ಬು ತರಕಾರಿ ಬೆಳೆಯುವ ಹೊಲಗಳಲ್ಲಿ. ಚದರ ಕಿಲೋಮೀಟರಿಗೆ 300ಕ್ಕೂ ಹೆಚ್ಚು ಜನ ಇರುವ ಆ ನೆಲದಲ್ಲಿ ನೂರು ಚದರ ಕಿಲೋಮೀಟರಿಗೆ ಐದರ ಹತ್ತಿರ ಬೆಳೆದ ಚಿರತೆಗಳಿದ್ದವು. ಅವು ಅಲ್ಲಿಗೆ 'ಬಂದ'ವಲ್ಲ, ಅಲ್ಲೇ ಹುಟ್ಟಿದವು.

ಹೀಗೆಂದು ಬೊರಿವಲಿಯಲ್ಲಿ ಎಲ್ಲವೂ ಸುಖಾಂತವಾಯಿತು ಎಂದುಕೊಳ್ಳಬೇಡಿ. ಹಿಡಿದು ಬಿಡುವುದನ್ನು ಕಡಿಮೆ ಮಾಡಿದ ಮೇಲೆ ದಾಳಿಗಳು ಇಳಿದವು, ನಿಲ್ಲಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಆರೇಯಲ್ಲಿ ಮುದುಕಿಯೊಬ್ಬರು ಊರುಗೋಲಿನಿಂದಲೇ ಚಿರತೆಯನ್ನು ಎದುರಿಸಿದ ಸಿಸಿಟಿವಿ ದೃಶ್ಯವನ್ನು ನೀವೂ ನೋಡಿರಬಹುದು. 2022ರ ದೀಪಾವಳಿಯ ದಿನ ಅಲ್ಲೇ ಹದಿನಾರು ತಿಂಗಳ ಮಗುವೊಂದು ಚಿರತೆಯ ಬಾಯಿಗೆ ಸಿಕ್ಕಿ ತೀರಿಕೊಂಡಿತು. ಆಗ ಬೋನು ಇಟ್ಟರು, ಇಡಲೇಬೇಕಿತ್ತು. ಮನುಷ್ಯರ ಮೇಲೆ ಬೀಳುವ ನಿರ್ದಿಷ್ಟ ಪ್ರಾಣಿಯನ್ನು ಹಿಡಿದು ಮತ್ತೆ ಬಿಡದಿರುವುದಕ್ಕೆ ಯಾರ ತಕರಾರೂ ಇಲ್ಲ. ಬದಲಾದದ್ದು ಇಷ್ಟು: ಈಗ ಕ್ಯಾಮೆರಾದ ಚುಕ್ಕೆಗಳನ್ನು ಹೋಲಿಸಿ ಯಾವ ಚಿರತೆ ಎಂದು ನೋಡುತ್ತಾರೆ. ಬೋನಿಗೆ ಬಿದ್ದ ಮೊದಲ ಚಿರತೆಯೇ ಅಪರಾಧಿ ಎಂಬ ಹಳೆಯ ನ್ಯಾಯ ಈಗ ನಡೆಯುವುದಿಲ್ಲ.

ನಾಯಿಯ ವಿಷಯದಲ್ಲಿ ಇನ್ನೊಂದು ವಿಚಿತ್ರ ಲೆಕ್ಕವಿದೆ. 2018ರಲ್ಲಿ ಪ್ರಕಟವಾದ ಒಂದು ಪ್ರಬಂಧ, ಈ ಉದ್ಯಾನದ ಚಿರತೆಗಳು ವರ್ಷಕ್ಕೆ ಸುಮಾರು 1,500 ಬೀದಿನಾಯಿಗಳನ್ನು ತಿಂದು, ಸುಮಾರು ಸಾವಿರ ನಾಯಿಕಡಿತಗಳನ್ನು ತಪ್ಪಿಸುತ್ತಿರಬಹುದು ಎಂದು ಅಂದಾಜು ಮಾಡಿತು. ಅಂದಾಜೇ ಸರಿ, ಅದರ ಮೇಲೆ ನಾನು ದೊಡ್ಡ ಮಾತು ಕಟ್ಟಲಾರೆ. ಚಿರತೆ ಉಪಯೋಗಕ್ಕೆ ಬರುತ್ತದೆ ಎಂದು ಅದನ್ನು ಸಹಿಸಬೇಕೆಂಬ ವಾದವೂ ನನಗೆ ಸೇರುವುದಿಲ್ಲ. ನಾಳೆ ರೇಬೀಸ್ ಲಸಿಕೆ ಚೆನ್ನಾಗಿ ನಡೆದರೆ ಚಿರತೆಯ ಉಪಯೋಗ ಮುಗಿಯಿತೇ?

ಕರ್ನಾಟಕದಲ್ಲಿ ಇದೇ ಕಥೆ ಈಗ ನಡೆಯುತ್ತಿದೆ. ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ನಾಲ್ವರು ಚಿರತೆಗೆ ಬಲಿಯಾದರು. ಅಲ್ಲೂ ಕಬ್ಬು, ಕಾಲುವೆ, ಕತ್ತಲ ದಾರಿ. ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ಬಂತು, ಬೋನುಗಳು ಬಂದವು, ಪತ್ರಿಕೆಗಳ ಆ ಸಿದ್ಧ ವ್ಯಾಕರಣವೂ ಬಂತು. ಹಿಡಿದವನ್ನು ಎಲ್ಲಿ ಬಿಡುತ್ತಾರೆ ಎಂದು ಬಂಡೀಪುರ, ನಾಗರಹೊಳೆ ಅಂಚಿನ ಹಳ್ಳಿಗಳವರು ಕೇಳಿದರೆ ಅದು ಜುನ್ನರದವರು, ಬೊರಿವಲಿಯವರು ಕೇಳಬೇಕಿದ್ದ ಪ್ರಶ್ನೆ.

ಈಗ ಬೊರಿವಲಿಯಲ್ಲಿ ಚಿರತೆ ಕಂಡಿತೆಂದು ಫೋನು ಮಾಡಿದರೆ ಅರಣ್ಯ ಇಲಾಖೆಯವರು ಬರುತ್ತಾರೆ, ಬೋನು ಸಾಮಾನ್ಯವಾಗಿ ಬರುವುದಿಲ್ಲ. ಕಟ್ಟಡದೊಳಗೆ ಸಿಕ್ಕಿಹಾಕಿಕೊಂಡಿದ್ದರೆ ಮಾತ್ರ ಅರಿವಳಿಕೆ, ಇಲ್ಲವಾದರೆ ಜನರನ್ನು ಚದುರಿಸಿ, ದಾರಿ ತೆರವು ಮಾಡಿ, ರಾತ್ರಿ ಅದು ಬಂದ ಹಾಗೇ ಹೋಗಲು ಬಿಡುತ್ತಾರೆ. ಆಮೇಲೆ ಸೊಸೈಟಿಯನ್ನೊಮ್ಮೆ ಸುತ್ತು ಹಾಕುತ್ತಾರೆ. ಕಸದ ಡ್ರಮ್ಮು ಹಿಂಗೋಡೆಯ ಪಕ್ಕ ಯಾಕಿದೆ, ಮೂಲೆಯ ದೀಪ ಎಷ್ಟು ದಿನದಿಂದ ಉರಿಯುತ್ತಿಲ್ಲ, ವಾಚ್‌ಮನ್‌ಗೆ ಶೌಚಾಲಯ ಎಲ್ಲಿ, ನಾಯಿಗೆ ಅನ್ನ ಹಾಕುವ ಜಾಗ ಯಾವುದು, ಮಕ್ಕಳು ಸಂಜೆ ಎಷ್ಟು ಹೊತ್ತಿನವರೆಗೆ ಆಡುತ್ತಾರೆ ಎಂದು ಕೇಳುತ್ತಾರೆ. ನಮ್ಮ ಸೊಸೈಟಿಯ ಸಭೆಯಲ್ಲಿ ಈ ಪ್ರಶ್ನೆಗಳಿಗೆ ಸಿಟ್ಟಾದವರೇ ಹೆಚ್ಚು. ಚಿರತೆ ಬಂದದ್ದಕ್ಕೆ ನಮ್ಮನ್ನೇ ವಿಚಾರಿಸುತ್ತಾರಲ್ಲ ಎಂದು. ಒಂದು ಗಂಟೆಯ ವಾದವಾದ ಮೇಲೆ ದೀಪಕ್ಕೆ ಮತ್ತು ಹಿಂಬದಿಯ ಶೌಚಾಲಯದ ರಿಪೇರಿಗೆ ಹಣ ಮಂಜೂರಾಯಿತು. ಕಸದ ಡ್ರಮ್ಮು ಗೇಟಿನ ಹತ್ತಿರ ಬಂದರೆ ವಾಸನೆ ಬರುತ್ತದೆ ಎಂದು ಮೊದಲ ಮಹಡಿಯವರು ಒಪ್ಪಿಲ್ಲ. ಆ ವಿಷಯ ಮುಂದಿನ ಸಭೆಗೆ ಹೋಗಿದೆ.